ಎದೆಮಟ್ಟದ ಮೆಣಸಿನ ಪಾತಿ

ಮೊದಲು ಬಿದ್ದದ್ದು ಒಂದು ಹಸಿ ಮೆಣಸಿನಕಾಯಿ.

ಬೆಳಗಿನ ಉಪ್ಪಿಟ್ಟಿನ ಹೊತ್ತು. ನನ್ನ ಹೆಂಡತಿ ಜಯಾ ಒಲೆಯ ಮುಂದೆ ನಿಂತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಾಣಲೆಗೆ ಎಣ್ಣೆ ಜಾಸ್ತಿಯಾಯಿತು ಎಂದು ಹೇಳುತ್ತಿದ್ದೆ. ಅವಳ ಬಲಗೈಯಿಂದ ಮೆಣಸಿನಕಾಯಿ ಜಾರಿತು. ಬಗ್ಗಿ ಎತ್ತಿಕೊಂಡಳು. ಮತ್ತೆ ಜಾರಿತು.

"ಏನ್ ಬಂದಿದೆ ಈ ಮೆಣಸಿನಕಾಯಿಗೆ ಇವತ್ತು?" ಎಂದಳು.

ಮಾತು ದಪ್ಪಗೆ ಬಂತು, ಬಾಯಲ್ಲಿ ಏನೋ ಇಟ್ಟುಕೊಂಡು ಆಡಿದ ಹಾಗೆ. ಎಣ್ಣೆಯ ವಿಷಯಕ್ಕೆ ಕೋಪ ಬಂದಿದೆ ಎಂದುಕೊಂಡೆ. ಕೋಪ ಬಂದಾಗ ಅವಳು ಹಲ್ಲು ಕಚ್ಚಿ ಮಾತಾಡುತ್ತಾಳೆ. ಆಮೇಲೆ ಸೌಟು ಬಿತ್ತು. ಬಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ. ಸೌಟು ಇನ್ನೂ ಕೈಯಲ್ಲಿದೆ ಎಂಬಂತೆ ಬಾಣಲೆಯ ಮೇಲೆ ಬರಿಗೈ ಆಡಿಸುತ್ತಿದ್ದಳು.

ತುಮಕೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಜನರಿಗೆ ಸರಿಯಾಗಿ ಕಾಣುವ ಹಾಗೆ ಮಾಡುವುದು ನನ್ನ ಕಸುಬು. ಎದುರಿಗೇ ನಡೆಯುತ್ತಿದ್ದದ್ದು ನನಗೆ ಕಾಣಲು ಒಂದು ಸೌಟು ಬೀಳಬೇಕಾಯಿತು.

ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಕ್ಯಾಶುಯಾಲ್ಟಿಯ ಡಾಕ್ಟರು, "ಅಮ್ಮಾ, ಒಂದ್ಸಲ ನಗಿ" ಎಂದರು.

"ನಗೋ ಅಂಥದ್ದು ಏನಾಗಿದೆ?" ಎಂದಳು ಜಯಾ, ಅದೇ ದಪ್ಪ ನಾಲಿಗೆಯಲ್ಲಿ. ಆದರೂ ನಕ್ಕಳು. ಹೈಸ್ಕೂಲು ಟೀಚರ್. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಿಡುವವಳಲ್ಲ.

ಅರ್ಧ ಬಾಯಿ ಮಾತ್ರ ನಕ್ಕಿತು.

ಸಿ.ಟಿ. ಸ್ಕ್ಯಾನ್ ಆಯಿತು. ಸ್ಟ್ರೋಕ್ ಎಂದರು. ಬೇಗ ಕರೆತಂದಿದ್ದೀರಿ, ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತದ ಕ್ಲಾಟ್ ಕರಗಿಸುವ ಇಂಜೆಕ್ಷನ್ ಕೊಡಬಹುದು ಎಂದರು. ಯಾವುದೋ ಕಾಗದಕ್ಕೆ ಸಹಿ ಹಾಕಿದೆ. ಐ.ಸಿ.ಯು. ಹೊರಗಿನ ಕುರ್ಚಿಯಲ್ಲಿ ಕೂತಾಗ ಅಂಗಿಗೆ ಇನ್ನೂ ಒಗ್ಗರಣೆಯ ವಾಸನೆ ಇತ್ತು.

ಮಾತು ಬೇಗ ಮರಳಿತು. ಕಾಲು, ವಾಕರ್ ಹಿಡಿದು ನಡೆಯುವಷ್ಟಾಯಿತು. ಬಲಗೈ ಮಾತ್ರ ಹಿಂದೆ ಉಳಿಯಿತು. ಜಯಾ ದಿನಾ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಮಕ್ಕಳಿಗೆ ಗಣಿತ ಹೇಳುವವಳು. ಸೀಮೆಸುಣ್ಣ ಹಿಡಿಯದ ಕೈಯಲ್ಲಿ ಏನು ಗಣಿತ?

ಡಿಸ್ಚಾರ್ಜ್ ದಿನ ನ್ಯೂರಾಲಜಿಸ್ಟ್ ನನ್ನನ್ನು ಪಕ್ಕಕ್ಕೆ ಕರೆದರು. "ಬಿ.ಪಿ. ಏರಬಾರ್ದು ನೋಡಿ. ಮನೇಲಿ ಟೆನ್ಷನ್ ಬೇಡ. ವಾದ, ಜಗಳ ಇಟ್ಕೋಬೇಡಿ."

ಆಯಿತು ಎಂದೆ. ಅವರು ಕೇಳಿದ್ದು ಎಷ್ಟು ದೊಡ್ಡದೆಂದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಜಗಳ ಕಾಫಿಯ ಹಾಗೆ, ಬೆಳಿಗ್ಗೆ ಒಂದು, ಸಂಜೆ ಒಂದು. ಎಣ್ಣೆ, ಫ್ಯಾನು, ಒದ್ದೆ ಟವೆಲ್ಲು, ಯಾವುದಾದರೂ ಆದೀತು. ಮೆಣಸಿನಕಾಯಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಅದನ್ನು ಜಯಾ ಒಂದು ದಿನವೂ ಮೀರಿದವಳಲ್ಲ. ಕಟ್ಟೆಯ ಮೇಲೆ ಇಡುತ್ತಾಳೆ, ನಾನು ಎತ್ತಿಕೊಳ್ಳುತ್ತೇನೆ. ಇಷ್ಟು ಪಥ್ಯ ಮಾಡಿಯೂ ಜಗಳ ಒಂದು ಹೊತ್ತೂ ತಪ್ಪಿದ್ದಿಲ್ಲ.

ಮನೆಗೆ ಬರುತ್ತಿದ್ದ ಫಿಸಿಯೋ ಮೇಡಂ ಚಿಕ್ಕ ವಯಸ್ಸಿನ ಹುಡುಗಿ. ಒಂದು ಬಟ್ಟಲಲ್ಲಿ ರಾಜ್ಮಾ ಕಾಳು ಹಾಕಿ, ಒಂದೊಂದೇ ಎತ್ತಿಡಿ ಎಂದಳು.

"ಇದೇನು ಅಂಗನವಾಡಿನಾ?" ಎಂದಳು ಜಯಾ.

"ಮತ್ತೇನು ಇಷ್ಟ ನಿಮಗೆ, ಅಮ್ಮ?"

ಜಯಾ ಹಿತ್ತಲ ಕಡೆ ನೋಡಿದಳು. ಅಲ್ಲಿ ಪ್ರತಿ ವರ್ಷ ಅವಳು ಮೆಣಸಿನ ಗಿಡ ಹಾಕುತ್ತಿದ್ದಳು. ಈಗ ಬಗ್ಗುವ ಹಾಗಿಲ್ಲ, ಬಿದ್ದರೆ ಕಷ್ಟ. ಮೇಡಂಗೆ ಅರ್ಥವಾಯಿತು. "ಸೊಂಟದ ಎತ್ತರಕ್ಕೆ ಒಂದು ಪಾತಿ ಕಟ್ಸಿ ಸರ್. ನಿಂತ್ಕೊಂಡೇ ಮಾಡ್ಲಿ" ಎಂದಳು.

ಜಯಾಳನ್ನು ಹಿತ್ತಲಲ್ಲಿ ವಾಕರ್ ಹಿಡಿಸಿ ನಿಲ್ಲಿಸಿದೆ. ಟೇಪು ಹಿಡಿದೆ. ಚಪ್ಪಲಿ ಹಾಕಿ ಒಮ್ಮೆ, ಬಿಚ್ಚಿ ಒಮ್ಮೆ ಅಳೆದೆ. ಮನೆಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದೆ.

"ಪಾತಿ ಕಟ್ಟಿಸ್ತಿದೀರೋ, ನಂಗೆ ಲಂಗ ಹೊಲಿಸ್ತಿದೀರೋ?" ಎಂದಳು.

ಹಿಂದೆ ಆಗಿದ್ದರೆ ಇದಕ್ಕೊಂದು ಉತ್ತರ ಕೊಡುತ್ತಿದ್ದೆ. ಈಗ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ.

ಅವಳ ತಮ್ಮ ಶಿವಣ್ಣ ಅಮೃತೂರಿನಿಂದ ಲಗೇಜ್ ಆಟೋದಲ್ಲಿ ಬಂದ. ಸಿಮೆಂಟ್ ಬ್ಲಾಕು, ತೆಂಗಿನ ಸಿಪ್ಪೆ, ಕೆರೆಯ ಗೋಡು ಮಣ್ಣು, ಕೊಟ್ಟಿಗೆ ಗೊಬ್ಬರ ಎಲ್ಲ ಅವನೇ ತಂದಿದ್ದ. ತಳದಲ್ಲಿ ಸಿಪ್ಪೆ ತುಂಬಿದರೆ ಮಣ್ಣೂ ಕಡಿಮೆ ಸಾಕು, ತೇವವೂ ನಿಲ್ಲುತ್ತದೆ ಎಂದ. ಅವನಿಗೆ ಗೆರೆ ತೋರಿಸಿ, ಜಯಾಳ ರಜೆಯ ಅರ್ಜಿ ಕೊಡಲು ನಾನು ಗುಬ್ಬಿಗೆ ಹೋದೆ. ಬರುವಾಗ ಅಲ್ಲೇ ಮೆಣಸಿನ ಸಸಿ ಕೊಂಡೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ.

ಹಿತ್ತಲಿಗೆ ಬಂದು ನೋಡಿದರೆ ಜಯಾ ಪಾತಿಯ ಹಿಂದೆ ನಿಂತಿದ್ದಳು. ತಲೆ ಮತ್ತು ಹೆಗಲು ಮಾತ್ರ ಕಾಣುತ್ತಿತ್ತು, ಕಟಕಟೆಯಲ್ಲಿ ಸಾಕ್ಷಿ ನಿಂತ ಹಾಗೆ.

ನನ್ನ ಗೆರೆ ಗೋಡೆಯ ಮೇಲೆ ಎಲ್ಲೋ ಕೆಳಗಿತ್ತು.

"ನೋಡು ಭಾವ, ಹೆಂಗೈತೆ?" ಎಂದ ಶಿವಣ್ಣ, ಕೈ ಒರೆಸಿಕೊಳ್ಳುತ್ತ. "ನಿನ್ ಗೆರೆ ಸರ್ಯಾಗೇ ಇತ್ತು. ಆದ್ರೆ ಅಡೀಲಿ ಸಿಪ್ಪೆ ಐತಲ್ಲ, ಮಣ್ಣು ಕುಸೀತದೆ. ಅದ್ಕೇ ಎರಡು ಸಾಲು ಜಾಸ್ತಿನೇ ಕಟ್ಬುಟ್ಟೆ."

ಮಣ್ಣು ಕುಸಿಯುತ್ತೆ ಕಣೋ, ಗೋಡೆ ಕುಸಿಯುತ್ತಾ?

ಈ ಮಾತು ತುಟಿಯವರೆಗೆ ಬಂತು. ಜಯಾ ನನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳ ತಮ್ಮ ಮಾಡಿದ ಯಾವ ಕೆಲಸವನ್ನೂ ನಾನು ಒಪ್ಪಿದವನಲ್ಲ. ಅವಳು ಕಾಯುತ್ತಿದ್ದಳು. ನನಗೆ ಬಿ.ಪಿ. ನೆನಪಾಯಿತು.

"ಚೆನ್ನಾಗಿದೆ" ಎಂದೆ.

ಜಯಾಳ ಮುಖ ಬಿಳುಚಿಕೊಂಡಿತು.

ಆಮೇಲೆ ಅವಳು ನನ್ನನ್ನು ಪರೀಕ್ಷೆ ಮಾಡತೊಡಗಿದಳು. ಚಳಿಯಲ್ಲಿ ಫ್ಯಾನು ಜೋರಾಗಿ ಇಡಿ ಎಂದಳು. ಇಟ್ಟು, ಕಂಬಳಿ ಹೊದ್ದು ಕೂತೆ. ನಿಮ್ಮ ಅಂಗಡಿಯ ಬೋರ್ಡಿನ ಬಣ್ಣ ಅಸಹ್ಯ ಎಂದಳು. ಹೌದು ಎಂದೆ. ಶಿವಣ್ಣನಂಥ ಬುದ್ಧಿವಂತ ಇಲ್ಲ ಎಂದಳು. ಅದಕ್ಕೂ ಹೂಂ ಎಂದೆ. ಒಂದೊಂದು ಹೂಂಗೂ ಅವಳು ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದಳು.

ಚೆಕಪ್‌ಗೆ ಹೋದಾಗ ಕುರ್ಚಿಯಲ್ಲಿ ಕೂತವಳೇ ಕೇಳಿದಳು: "ಡಾಕ್ಟ್ರೇ, ನಿಜ ಹೇಳಿಬಿಡಿ. ನಂಗೆ ಇನ್ನೆಷ್ಟು ದಿನ ಇದೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾಕಮ್ಮಾ? ಏನಾಯ್ತು?"

"ಇವ್ರು ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಿದಾರೆ. ಮದುವೆ ಆದಾಗಿಂದ ಹೀಗೆ ಮಾಡಿದವ್ರಲ್ಲ. ಅವತ್ತು ನೀವು ಪಕ್ಕಕ್ಕೆ ಕರೆದು ಏನೋ ಹೇಳಿದೀರ."

ಡಾಕ್ಟರು ನಕ್ಕರು. ಎಂ.ಆರ್.ಐ. ತೋರಿಸಿ, ಚೇತರಿಕೆ ಚೆನ್ನಾಗಿದೆ ಎಂದು ವಿವರಿಸಿದರು. ನನ್ನ ಕಡೆ ತಿರುಗಿ, "ಸ್ವಲ್ಪ ನಾರ್ಮಲ್ ಆಗಿರಿ ಸರ್" ಎಂದರು. ಜಯಾ ನಂಬಲಿಲ್ಲ. ಡಾಕ್ಟರು ನಕ್ಕದ್ದೂ ಅವಳ ಅನುಮಾನಕ್ಕೇ ಸೇರಿಕೊಂಡಿತು.

ನಾರ್ಮಲ್ ಆಗುವುದು ನನ್ನಿಂದಲೂ ಆಗಲಿಲ್ಲ. ಬಾಯಿ ತೆರೆದಾಗಲೆಲ್ಲ ಬಾಣಲೆಯ ಮೇಲೆ ಆಡುತ್ತಿದ್ದ ಬರಿಗೈ ಕಣ್ಣ ಮುಂದೆ ಬರುತ್ತಿತ್ತು. ಆ ಬೆಳಿಗ್ಗೆ ನಾನು ಕೊನೆಗೆ ಆಡಿದ ಮಾತು ಎಣ್ಣೆಯದು. ಮಾತಿನಿಂದ ಕ್ಲಾಟ್ ಆಗುವುದಿಲ್ಲ ಎಂದು ಡಾಕ್ಟರನ್ನು ಒಬ್ಬನೇ ಹೋಗಿ ಕೇಳಿ ತಿಳಿದುಕೊಂಡಿದ್ದೆ. ತಿಳಿದದ್ದು ತಲೆಗೆ ಹೋಯಿತು, ನಾಲಿಗೆಗೆ ಇಳಿಯಲಿಲ್ಲ.

ಪಾತಿಯ ಎತ್ತರಕ್ಕೆ ಖುಷಿಪಟ್ಟದ್ದು ಫಿಸಿಯೋ ಮೇಡಂ ಒಬ್ಬಳೇ. ಕೈ ಮೇಲೆತ್ತಬೇಕಲ್ಲ, ಶೋಲ್ಡರ್‌ಗೆ ಬಹಳ ಒಳ್ಳೆಯದು ಎಂದಳು. ಜಯಾ ಎಡಗೈಯಲ್ಲಿ ಗೋಡೆ ಹಿಡಿದು, ಬಲಗೈಯನ್ನು ಮೇಲೆ ಹತ್ತಿಸಿ ಸಸಿ ನೆಟ್ಟಳು. ಕಳೆ ಕಿತ್ತಳು. ಕಳೆಯ ಜೊತೆಗೆ ಎರಡು ಮೆಣಸಿನ ಸಸಿಯನ್ನೂ ಕಿತ್ತಳು. ಗಿಡಗಳು ಎದ್ದವು, ಹೂ ಬಿಟ್ಟವು. ಶಿವಣ್ಣ ಹೇಳಿದಂತೆ ಮಣ್ಣು ಕುಸಿಯಿತು.

ಗೋಡೆ ಕುಸಿಯಲಿಲ್ಲ. ಅವಳು ಈಗ ಕೈ ಎತ್ತಿ, ಗೋಡೆ ದಾಟಿಸಿ, ಮತ್ತೆ ಒಳಗೆ ಇಳಿಸಬೇಕಾಗಿತ್ತು.

ಕಾಯಿ ಬಿಟ್ಟಾಗ ಮೇಡಂ ಅಂಗೈ ಚಾಚಿ, "ಕಿತ್ತು ನನ್ನ ಕೈಗೆ ಕೊಡಿ, ಅಮ್ಮ" ಎಂದಳು. ಜಯಾ ಬಹಳ ಹೊತ್ತು ಹೆಣಗಿ ಒಂದನ್ನು ಕಿತ್ತಳು. ಗೋಡೆಯ ಮೇಲೆ ಇಟ್ಟಳು. ಇನ್ನೊಂದನ್ನೂ ಗೋಡೆಯ ಮೇಲೆ ಇಟ್ಟಳು. ಮೇಡಂ ಮುಖ ಸಣ್ಣದಾಯಿತು. "ಹಿಡಿತ ಬಂದಿದೆ ಸರ್. ಹೇಳಿದ ಕಡೆ ಕೊಡೋಕೆ ಇನ್ನೂ ಆಗ್ತಿಲ್ಲ."

"ಆಗದೆ ಏನು?" ಎಂದಳು ಜಯಾ. "ಮೆಣಸಿನಕಾಯಿ ಕೈಗೆ ಕೊಡಬಾರ್ದು ಕಣಮ್ಮ. ನಿನ್ನ ಹತ್ರ ನಂಗೇನು ಜಗಳ?"

ಮರುದಿನ ಬೆಳಿಗ್ಗೆ ಹಿತ್ತಲಿಂದ "ರೀ, ಬನ್ನಿ ಇಲ್ಲಿ" ಎಂದು ಕೂಗಿದಳು. ಬಿದ್ದಳೇನೋ ಎಂದು ಓಡಿದೆ. ಪಾತಿಯ ಹಿಂದೆ ನಿಂತಿದ್ದಳು. ಬಲಗೈ ಗೋಡೆ ದಾಟಿ ಒಳಗಿಳಿದಿತ್ತು. ಹೆಬ್ಬೆರಳು, ತೋರುಬೆರಳು ನಡುಗುತ್ತ ಒಂದು ಕಾಯನ್ನು ಹಿಡಿದವು. ಗಿಡವೆಲ್ಲ ಅಲುಗಿತು. ಕಾಯಿ ಒಂದು ಎಲೆಯ ಸಮೇತ ಬಂತು.

ನಾನು ಅಭ್ಯಾಸದಂತೆ ಗೋಡೆಯ ಮೇಲೆ ಜಾಗ ತೋರಿಸಿದೆ.

"ಅಲ್ಲಿ ಬೇಡ. ಕೈ ನೀಡಿ."

"ಕೈಗೆ ಬೇಡ ಕಣೇ."

"ನೀಡಿ ಅಂದ್ನಲ್ಲ."

ನೀಡಿದೆ. ಅವಳ ಬೆರಳು ನನ್ನ ಅಂಗೈ ಮೇಲೆ ಬಂದು ನಿಂತವು. ತಕ್ಷಣ ಬಿಚ್ಚಿಕೊಳ್ಳಲಿಲ್ಲ. ಅವಳು ಅವುಗಳನ್ನೇ ದಿಟ್ಟಿಸಿದಳು, ಪಾಠ ಒಪ್ಪಿಸದ ಮಕ್ಕಳನ್ನು ನೋಡುವ ಹಾಗೆ. ಒಂದು ಬಿಟ್ಟಿತು. ಇನ್ನೊಂದು ಬಿಟ್ಟಿತು. ಮೆಣಸಿನಕಾಯಿ ನನ್ನ ಕೈಯಲ್ಲಿತ್ತು.

"ಈಗ ಹೇಳಿ" ಎಂದಳು. "ಈ ಗೋಡೆ ಎತ್ತರ ಸರಿಯಿದ್ಯಾ?"

ನಾನು ಗೋಡೆ ನೋಡಿದೆ. ಅವಳನ್ನು ನೋಡಿದೆ.

"ಮಣ್ಣು ಕುಸಿಯುತ್ತೆ" ಎಂದೆ. "ಗೋಡೆ ಕುಸಿಯುತ್ತೇನೇ?"

ಜಯಾ ಉಸಿರು ಬಿಟ್ಟಳು. "ಅವತ್ತೇ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?"

"ನಿನ್ನ ತಮ್ಮಂಗೆ ಗೆರೆ ಕಾಣ್ಲಿಲ್ವಾ?"

"ಕನ್ನಡಕ ಮಾರೋರು ನೀವು, ಒಂದು ಕೊಟ್ಟಿದ್ರೆ ಕಾಣ್ತಿತ್ತು!"

"ದನಕ್ಕೆ ಗೋದಲಿ ಕಟ್ಟಿದ ಹಾಗೆ ಕಟ್ಟಿದಾನೆ!"

"ಕಟ್ಟೋಕೆ ಅವನಾದ್ರೂ ಬಂದ. ನಿಮ್ಮ ಕಡೆಯೋರು ಯಾರು ಬಂದ್ರು?"

ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, ಸಮಾಧಾನವಾದವರಂತೆ ಒಳಗೆ ಹೋದರು.

ಅವಳ ಬಲಗೈಗೆ ಸೀಮೆಸುಣ್ಣ ಇನ್ನೂ ನಿಲ್ಲುವುದಿಲ್ಲ. ಹೂ ಮುಡಿಯಲು, ಪಿನ್ನು ಹಾಕಲು ನಾನೇ ಬೇಕು. ಬೆಳಗಿನ ಉಪ್ಪಿಟ್ಟೂ ಈಗ ನನ್ನ ಕೈಯದೇ. ರಜೆ ಮುಂದುವರಿದಿದೆ. ಎಷ್ಟು ಮರಳುತ್ತದೋ, ಕಾಯಬೇಕು ಎಂದಿದ್ದಾರೆ ಡಾಕ್ಟರು. ಕಾಯುತ್ತೇವೆ. ಇಷ್ಟಾದರೂ ಬಂದದ್ದು ದೊಡ್ಡದು.

ಆ ಬೆಳಿಗ್ಗೆ ಜಗಳ ಮುಗಿದ ಮೇಲೆ ನನಗೆ ಹೆದರಿಕೆಯಾಯಿತು. ಬಿ.ಪಿ. ಮೆಷಿನ್ ತಂದು ಅವಳ ತೋಳಿಗೆ ಸುತ್ತಿದೆ. ನಾರ್ಮಲ್ ಇತ್ತು. ಮತ್ತೆ ನೋಡಿದೆ. ನಾರ್ಮಲ್ಲೇ. ಜಯಾ ಅದನ್ನು ಬಿಚ್ಚಿ, ಎಡಗೈಯಲ್ಲೇ ಹೇಗೋ ನನ್ನ ತೋಳಿಗೆ ಸುತ್ತಿ ಗುಂಡಿ ಒತ್ತಿದಳು. ಇಬ್ಬರೂ ಕಾದೆವು. ನನ್ನದು ಜಾಸ್ತಿ ಇತ್ತು.

"ಇನ್ಮೇಲೆ ಉಪ್ಪಿಟ್ಟಿಗೆ ಎಣ್ಣೆ ಕಮ್ಮಿ ಹಾಕಿ" ಎಂದಳು.