ಮತ ಹಾಕದ ಮೇಜರ್

ಸೈನ್ಯ, ಸಂಸತ್ತು, ರಾಯಭಾರ ಮೂರರಲ್ಲೂ ದುಡಿದವರು ನಮ್ಮ ಬ್ರಿಟನ್ನಿನಲ್ಲಿ ಕೆಲವರಿದ್ದಾರೆ. ಆದರೆ ಒಂದರಲ್ಲಿ ಸೋತ ಕಾರಣಕ್ಕೇ ಇನ್ನೊಂದರಲ್ಲಿ ಗೆದ್ದವರು ಮೇಜರ್ ಗಿಲ್ಬರ್ಟ್ ಹೆಸ್ಲಪ್ ಒಬ್ಬರೇ ಎಂದು, ಅವರ ಚುನಾವಣಾ ಏಜೆಂಟನಾಗಿ ಮಳೆಯಲ್ಲಿ ಮನೆಮನೆಯ ಬಾಗಿಲು ತಟ್ಟಿದ ನಾನು ಎದೆ ತಟ್ಟಿ ಹೇಳುತ್ತೇನೆ. ಅಲ್ಲವೆನ್ನುವವರ ಜೊತೆ ಜಗಳಕ್ಕೂ ಸಿದ್ಧ.

ಕಾಲಿಗೆ ಗುಂಡು ತಗುಲಿ ಸೈನ್ಯದಿಂದ ಮರಳಿದ ಅವರನ್ನು ಹಡಗು ಕಟ್ಟುವ ನಮ್ಮೂರು ಹೆಬ್‌ಮೌತ್ ಸಂಸತ್ತಿಗೆ ಕಳಿಸಿತು. ನನ್ನ ತಾಯಿ ಕಾಯಿಲೆ ಬಿದ್ದಾಗ ಪ್ರಚಾರ ನಿಲ್ಲಿಸಿ, ತಾವೇ ಕಾರು ಓಡಿಸಿ ಆಸ್ಪತ್ರೆಗೆ ಸೇರಿಸಿದ ದೊಡ್ಡ ಮನಸ್ಸಿನವರು ಅವರು. ದಾರಿಯುದ್ದಕ್ಕೂ ಅಮ್ಮ ಅವರ ಚಾಲನೆಯನ್ನು ಬೈಯುತ್ತಲೇ ಇದ್ದರು.

ಹಡಗುಕಟ್ಟೆ ಮುಚ್ಚುವ ಸ್ಥಿತಿಗೆ ಬಂದಾಗ, ಅದಕ್ಕೆ ಸರ್ಕಾರದ ನೆರವು ಕೊಡುವ ಮಸೂದೆಯನ್ನು ಮೇಜರ್ ಹೋರಾಡಿ ತರಿಸಿದರು. ಮತದಾನದ ಬೆಳಿಗ್ಗೆ ಎದುರು ಪಕ್ಷದ ಸದಸ್ಯೆ ಮೋರಾಗ್ ಕಿನ್ನೈರ್ಡ್ ಅವರ ಪತಿಗೆ ಹೃದಯಾಘಾತವಾಯಿತು. ನಮ್ಮ ಸಂಸತ್ತಿನಲ್ಲಿ ಜೋಡಿ ಎಂಬ ಪದ್ಧತಿಯಿದೆ: ಒಬ್ಬರು ಬರಲಾಗದಿದ್ದರೆ ಎದುರು ಪಕ್ಷದ ಒಬ್ಬರು ತಾವೂ ಮತ ಹಾಕದೆ ಉಳಿಯುತ್ತಾರೆ, ಬರಹವಿಲ್ಲ, ಬಾಯಿಮಾತಷ್ಟೇ. ಮೇಜರ್ ಮಾತು ಕೊಟ್ಟರು, ಆಕೆ ಪತಿಯಿದ್ದ ಸ್ಕಾಟ್ಲೆಂಡಿಗೆ ಓಡಿದರು. ಸಂಜೆ ನಮ್ಮ ಪಕ್ಷದವರೇ ಕೆಲವರು ಕೈಕೊಟ್ಟು, ಮಸೂದೆಗೆ ಒಂದೊಂದು ಮತವೂ ಬೇಕಾಯಿತು.

"ಆಯಮ್ಮ ಎಲ್ಲೋ ದೂರದಲ್ಲಿದ್ದಾರೆ. ನಿಮ್ಮೂರು ಮುಳುಗ್ತಾ ಇದೆ, ಹೋಗಿ ಓಟು ಹಾಕ್ರಿ," ಎಂದು ಪಕ್ಷದ ಮುಖ್ಯ ಸಚೇತಕರು ಗದರಿದರು.

"ಇಲ್ಲೇ ಇದ್ದಿದ್ರೆ ಆಕೆಗೆ ನನ್ನ ಮಾತು ಯಾಕೆ ಬೇಕಿತ್ತು?" ಎಂದ ಮೇಜರ್ ಚಹಾ ಕೋಣೆಯಲ್ಲಿ ಕುಳಿತುಬಿಟ್ಟರು. ಮತದಾನಕ್ಕೆಂದು ಊರಿನಿಂದ ಅವರ ಜೊತೆ ಬಂದಿದ್ದ ನಾನು ಕುದಿಯುತ್ತಿದ್ದೆ. ಮತಗಳು ಸಮವಾದವು, ಪದ್ಧತಿಯಂತೆ ವಿರುದ್ಧವಾಗಿ ಬಿದ್ದ ಸಭಾಧ್ಯಕ್ಷರ ಮತದಿಂದ ಮಸೂದೆ ಬಿತ್ತು.

ಹಡಗುಕಟ್ಟೆ ಮುಚ್ಚಿತು. ಮುಂದಿನ ಚುನಾವಣೆಯಲ್ಲಿ ವೆಲ್ಡರ್ ಸ್ಟ್ಯಾನ್ ಡಾಡ್ಸ್, "ನಿಮ್ಮ ಮಾತು ಉಳೀತು ಮೇಜರ್, ನನ್ನ ಕೆಲಸ ಹೋಯ್ತು," ಎಂದು ನಮ್ಮ ಮುಖಕ್ಕೇ ಬಾಗಿಲು ಹಾಕಿದ. ಊರಿಗೆ ಊರೇ ಹಾಗೆ ಮಾಡಿತು. ಮೇಜರ್ ಹೀನಾಯವಾಗಿ ಸೋತರು.

ಹೊಸ ಸರ್ಕಾರದ ವಿದೇಶಾಂಗ ಮಂತ್ರಿ ಯಾರು ಗೊತ್ತೇ? ಅದೇ ಮೋರಾಗ್! ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಒಂದು ಬೆಟ್ಟದ ನಾಡಿಗೆ, ಸ್ವಪಕ್ಷದವರ ಗೊಣಗಾಟಕ್ಕೆ ಕಿವಿಗೊಡದೆ, ಆಕೆ ಮೇಜರ್ ಅವರನ್ನೇ ರಾಯಭಾರಿಯಾಗಿ ಕಳಿಸಿದರು. ಅಲ್ಲಿ ಎರಡು ಕಡೆಯವರೂ ಸೆರೆಯಾಳುಗಳನ್ನು ಹಿಡಿದಿಟ್ಟಿದ್ದರು. ಮೊದಲು ಬಿಡಲು ಯಾರೂ ಒಪ್ಪರು. ಕೊನೆಗೆ, ಎದುರು ಕಡೆಯವರೂ ಬಿಡುತ್ತಾರೆಂದು ಮೇಜರ್ ಮಾತು ಕೊಟ್ಟಾಗ, ಬಂಡುಕೋರರ ನಾಯಕ ಕೇಳಿದನಂತೆ: "ಶತ್ರುವಿಗೆ ಕೊಟ್ಟ ಮಾತಿಗೆ ಸ್ವಂತ ಊರನ್ನೇ ಕಳಕೊಂಡೋರು ನೀವೇನಾ? ಹಾಗಾದ್ರೆ ನಾವೇ ಮೊದಲು ಬಿಡ್ತೀವಿ." ಮರುದಿನ ಎರಡೂ ಕಡೆಯ ಬಸ್ಸುಗಳು ಸೇತುವೆ ದಾಟುವುದನ್ನು ಟೀವಿಯಲ್ಲಿ ನೋಡಿ ನಾನು ಕುಣಿದಾಡಿಬಿಟ್ಟೆ, ಹೆಂಡತಿ ನೆರೆಮನೆಯವರ ಕ್ಷಮೆ ಕೇಳಬೇಕಾಯಿತು.

ಜಗತ್ತು ಮೆಚ್ಚಿದರೇನು, ಹೆಬ್‌ಮೌತ್ ಮೆಚ್ಚಬೇಕಲ್ಲ? ನಿವೃತ್ತರಾಗಿ ಇಲ್ಲಿಯೇ ನೆಲೆಸಲು ಬಂದ ಅವರು ಕಳೆದ ಶನಿವಾರ ನನ್ನೊಡನೆ ಪಬ್ಬಿಗೆ ಕಾಲಿಟ್ಟಾಗ ಎಲ್ಲರೂ ತಿರುಗಿ ನೋಡಿದರು. ಸ್ಟ್ಯಾನ್ ಎದ್ದು ಬಂದ.

"ಓಟು ಕೇಳೋಕೆ ಬಂದಿದ್ರೆ ಈಗಲೂ ಇಲ್ಲ."

"ಕೇಳಲ್ಲಪ್ಪ."

"ಹಾಗಾದ್ರೆ ಕೂತ್ಕೊಳ್ಳಿ. ಹಡಗುಕಟ್ಟೆ ಜಾಗದಲ್ಲಿ ಶ್ರೀಮಂತರಿಗೆ ಫ್ಲ್ಯಾಟ್ ಕಟ್ತಾರಂತೆ. ನಮಗೆ ಅಲ್ಲಿ ಮಕ್ಕಳಿಗೆ ಕಸುಬು ಕಲಿಸೋ ಶಾಲೆ ಬೇಕು. ಕಂಪನಿ ಜೊತೆ ಮಾತಾಡೋಕೆ ನಮ್ಮ ಕಡೆಯಿಂದ ಒಬ್ಬರು ಬೇಕಾಗಿದ್ದಾರೆ."

ಮೇಜರ್ ಕುರ್ಚಿ ಎಳೆದು ಅವನ ಎದುರು ಕುಳಿತರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ.

ಎಪ್ಪತ್ತು ತುಂಬಿದ ಈ ಹಿರಿಯರಿಗೆ ಆಯುರಾರೋಗ್ಯಗಳು ಕೂಡಿಬರಲಿ. ವಿಶ್ರಾಂತಿಯನ್ನು ಮಾತ್ರ ಹಾರೈಸಲಾರೆ. ಸೋಮವಾರದಿಂದ ಅವರು ಹೆಬ್‌ಮೌತಿನ ಪರವಾಗಿ ಮಾತಾಡಬೇಕಾಗಿದೆ.