ನೆಲ ಎಲ್ಲರಿಗೂ ಒಂದೇ

ನಿಪ್ಪಾಣಿಯ ತಂಬಾಕಿನ ವಖಾರಿಯೊಂದರ ಮಾಳಿಗೆಯಲ್ಲಿ, ಸೀನು ತಡೆದುಕೊಂಡು ಗೆರೆ ಎಳೆಯಬೇಕಾದ ಕೋಣೆಯಲ್ಲಿ ಪಾರಿಸ ಚೌಗುಲೆಯ ಕಚೇರಿ ಇತ್ತು. ಕಚೇರಿ ಎಂದರೆ ಇಬ್ಬರೇ: ನಕ್ಷೆ ಬರೆಯಲು ಪಾರಿಸ, ಕಟ್ಟಲು ಗೌಂಡಿ ಜಾಫರಸಾಬ. ಹೊಟ್ಟೆಪಾಡಿಗೆ ಸಾಹುಕಾರರ ಮನೆಗಳು. ಪಾರಿಸನ ಜೀವವೆಲ್ಲ ಚಾವಡಿ, ಬಸ್ ಶೆಡ್ಡು, ಸಭಾಗೃಹಗಳ ಮೇಲೆ. ಜಾಗ ಕಟ್ಟಿಕೊಟ್ಟರೆ ಊರು ಒಟ್ಟಿಗೆ ಕೂರುತ್ತದೆಂದು ನಂಬಿದ್ದ ಪುಣ್ಯಾತ್ಮ!

೧೯೮೭ರಲ್ಲಿ ಮಂಡಲ ಪಂಚಾಯತಿಗಳು ಬಂದವು. ತೆಲಸಂಗದ ಆಚೆಯ ಒಂದು ಊರಿನಿಂದ ಹೊಸ ಚಾವಡಿಯ ಕೆಲಸ ಸಿಕ್ಕಿತು. ಜಾಗ ನೋಡಲು ಇಬ್ಬರೂ ಹೋದ ದಿನ ಹಳೆಯ ಚಾವಡಿಯಲ್ಲಿ ಸಭೆ ನಡೆದಿತ್ತು. ಸೊಂಟದೆತ್ತರದ ಕಟ್ಟೆಯ ಮೇಲೆ ಪ್ರಧಾನ ವಿರುಪಾಕ್ಷಪ್ಪ ಮತ್ತು ಸದಸ್ಯರು. ಕೆಳಗೆ, ಚಪ್ಪಲಿಗಳ ಸಾಲಿನ ಪಕ್ಕ, ಗೋಣಿತಟ್ಟು ಹಾಸಿಕೊಂಡು ಕೂತವಳು ಕಾಳವ್ವ. ಆಕೆಯೂ ಸದಸ್ಯೆಯೇ, ದಲಿತರ ಓಣಿಯಿಂದ ಆರಿಸಿ ಬಂದವಳು. ವೋಟು ಹಾಕಿ ಗೆಲ್ಲಿಸಿದ್ದರು, ಕಟ್ಟೆ ಹತ್ತಿಸಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲೇ ಪಾರಿಸನ ತಲೆ ಕಾದಿತ್ತು. "ಕಟ್ಟೀನ ಬ್ಯಾಡ, ಜಾಫರಭಾಯಿ. ಅಂಗಳದ ಮಟ್ಟಕ್ಕ ನೆಲಾ ಮಾಡೂಣು. ಮ್ಯಾಲ ಅನ್ನೂದ ಇಲ್ದಿದ್ರ ಕೆಳಗ ಹೆಂಗ ಕುಂಡ್ರಸ್ತಾರ?"

"ಕುಂಡ್ರಸವ್ರಿಗೆ ನಕ್ಷಾ ಬೇಕೇನ್ರಿ ಮಾಲಕ?" ಎಂದ ಜಾಫರಸಾಬ. ಪಾರಿಸ ಕಿವಿಗೆ ಹಾಕಿಕೊಳ್ಳಲಿಲ್ಲ.

ನಕ್ಷೆ ನೋಡಿ ವಿರುಪಾಕ್ಷಪ್ಪ ಹುಬ್ಬೇರಿಸಿದರು. "ಕಟ್ಟೀನ ಇಲ್ಲಲ್ರಿ? ಮಳಿ ನೀರ ಒಳಗ ಬಂದ್ರ?"

"ನಿಮ್ಮೂರಾಗ ಮಳಿ ಯಾವಾಗ ಆಗೈತ್ರಿ ಸಾವಕಾರ್ರ?" ಎಂದ ಜಾಫರಸಾಬ.

"ನೆಲ ಎಲ್ಲಾರಿಗೂ ಒಂದ ಇರಲ್ರಿ," ಎಂದು ಪಾರಿಸ ಸೇರಿಸಿದ. ಎಲ್ಲರೂ ನಕ್ಕರು. ಆ ನಗುವಿನಲ್ಲೇ ನಕ್ಷೆ ಪಾಸಾಯಿತು. ಅಷ್ಟು ಸಲೀಸಾಗಿ ಪಾಸಾದದ್ದಕ್ಕೆ ಪಾರಿಸ ಸಂಶಯಪಡಬೇಕಿತ್ತು, ಹಿಗ್ಗಿದ.

ಎಂಟು ತಿಂಗಳಲ್ಲಿ ಚಾವಡಿ ಎದ್ದಿತು. ನುಣ್ಣನೆಯ ಶಹಾಬಾದ್ ಕಲ್ಲಿನ ಫರಸಿ, ಎಲ್ಲಿಂದೆಲ್ಲಿಗೂ ಒಂದೇ ಮಟ್ಟ. ಮೊದಲ ಸಭೆಗೆ ಪಾರಿಸನನ್ನೂ ಕರೆದರು. ಒಳಗೆ ಕಾಲಿಟ್ಟವನಿಗೆ ಕಂಡದ್ದು ಹೊಸ ಕಬ್ಬಿಣದ ಕುರ್ಚಿಗಳ ಸಾಲು. ಸದಸ್ಯರೆಲ್ಲ ಕೂತರು. ಊರಿಗೆ ಬಂದ ಪಾವಣೇರೆಂದು ಪಾರಿಸನನ್ನೂ ಕೂರಿಸಿದರು. ಕಾಳವ್ವನಿಗೆ ಕುರ್ಚಿ ಇರಲಿಲ್ಲ.

"ಆಕೀಗೂ ಒಂದ ತರಸ್ರಿ," ಎಂದ ಪಾರಿಸ.

ವಿರುಪಾಕ್ಷಪ್ಪ ಮೆತ್ತಗೆ ನಕ್ಕರು. "ಯಾಕ್ರಿ ಸಾಹೇಬ್ರ? ನೆಲ ಎಲ್ಲಾರಿಗೂ ಒಂದ ಅಂತ ನೀವ ಅಂದಿದ್ರಲ್ಲ. ಕಾಳವ್ವಾ, ಕುಂಡ್ರ ಬೇ. ಚೊಲೋ ಫರಸಿ ಹಾಕ್ಯಾರ, ತಂಪ ಐತಿ."

ತಾನೂ ಕುರ್ಚಿಯ ಮೇಲೇ ಕೂತಿದ್ದೇನೆಂಬುದು ಪಾರಿಸನಿಗೆ ಆಗ ಹೊಳೆಯಿತು. ದಡಕ್ಕನೆ ಎದ್ದು ತನ್ನ ಕುರ್ಚಿಯನ್ನು ಆಕೆಯತ್ತ ಸರಿಸಿದ. ಕಾಳವ್ವ ಮುಟ್ಟಲಿಲ್ಲ.

"ನೀವು ಹೋದಮ್ಯಾಲ ಇದು ಒಳಗಿನ ಖೋಲಿಗೆ ಹೋಗತೈತ್ರಿ. ಖೋಲಿಗೆ ಕೀಲಿ ಬೀಳತೈತಿ. ನಕ್ಷಾ ಬರಿಯೂಕಿಂತ ಮದ್ಲ ನನ್ನ ಒಂದ ಮಾತ ಕೇಳಬೇಕಿತ್ರಿ ಅಣ್ಣಾ. ನೆಲಾ ಇಳಸ್ರಿ ಅಂತಿದ್ದಿಲ್ಲ ನಾ. ಗ್ವಾಡಿಗುಂಟ ಕಲ್ಲಿನ ಕಟ್ಟಿ ಹಾಕ್ರಿ, ಎಲ್ಲಾರಿಗೂ ಒಂದ ಎತ್ತರದ್ದು, ಅಂತಿದ್ನಿ. ಕಲ್ಲ ಯಾರಿಗೂ ಎತ್ತಿ ಒಳಗ ಇಡಾಕ ಬರೂದಿಲ್ಲ."

ಪಾರಿಸ ವಿರುಪಾಕ್ಷಪ್ಪನ ಕಡೆ ತಿರುಗಿದ. "ನಾ ಕಟ್ಟಿಕೊಡ್ತೇನ್ರಿ. ನಾಳೆನ ಶುರು ಮಾಡಸ್ತೇನಿ."

"ಕೆಲಸ ಮುಗದೈತ್ರಿ. ಇನ್ನ ಒಂದ ಕಲ್ಲ ಇಡಬೇಕಂದ್ರೂ ಠರಾವು ಆಗಬೇಕು."

"ಠರಾವು ನಾ ಹೇಳ್ತೇನಿ, ಬರಕೋರಿ," ಎಂದಳು ಕಾಳವ್ವ.

ಕಾರ್ಯದರ್ಶಿ ವಿರುಪಾಕ್ಷಪ್ಪನ ಮುಖ ನೋಡಿದ. ಪೆನ್ನಿನ ಟೋಪಿ ತೆಗೆಯಲಿಲ್ಲ.

ಆಮೇಲೆ ರಾಯಬಾಗ, ಕಾಗವಾಡದ ಕಡೆ ಪಾರಿಸ ಮಾಡಿಕೊಟ್ಟ ನಕ್ಷೆಗಳಲ್ಲೆಲ್ಲ ಗೋಡೆಗುಂಟ ಕಲ್ಲಿನ ಕಟ್ಟೆ ಬಂತು. ಹೊಸ ಊರಿಗೆ ಹೋದರೆ ಮೊದಲು ಅಲ್ಲಿ ಕೆಳಗೆ ಕೂರುವವರು ಯಾರೆಂದು ಹುಡುಕಿ, ಅವರ ಪಕ್ಕ ಕೂತು ಕೇಳುತ್ತಿದ್ದ. ಎಷ್ಟೋ ಕಮಿಟಿಗಳು ಆ ಕಟ್ಟೆಯನ್ನೇ ಹೊಡೆದುಹಾಕಿ ಎಂದು ನಕ್ಷೆ ಹಿಂದಿರುಗಿಸಿದವು.

ಕಾಳವ್ವ ಆ ಫರಸಿಯ ಮೇಲೆ ಕೂರಲಿಲ್ಲ. ಅವಧಿ ಮುಗಿಯುವವರೆಗೆ ಪ್ರತಿ ಸಭೆಯಲ್ಲೂ ನಿಂತೇ ಇದ್ದಳು. ಪ್ರತಿ ಸಭೆಯಲ್ಲೂ ಅದೇ ಠರಾವು ಹೇಳಿದಳು. ಕಾರ್ಯದರ್ಶಿ ಒಂದು ಸಲವೂ ಬರೆದುಕೊಳ್ಳಲಿಲ್ಲ.