ಕುಂಕುಮ ಅಂದುಕೊಂಡಿದ್ದು ಕೂಲಂಟ್

ಮಲವಗೊಪ್ಪ ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿಬಿಟ್ಟಿತು.

ಪಕ್ಕದಲ್ಲಿ ಅತ್ತೆ. ಭದ್ರಾವತಿ ಓಲ್ಡ್ ಟೌನ್‌ನಲ್ಲಿ ಅವರ ತಂಗಿಯ ಮೊಮ್ಮಗಳ ನಾಮಕರಣ, ಇವರ ಮಡಿಲಲ್ಲಿ ಹೂವಿನ ಬುಟ್ಟಿ. ಕಾರನ್ನು ಎಡಕ್ಕೆ ಹಾಕಿ ಎಂಜಿನ್ ಆಫ್ ಮಾಡಿದೆ. ಬಾನೆಟ್ ಸಂದಿಯಿಂದ ಬುಸ್ ಅಂತ ಹಬೆ...

"ಬೆಂಕಿ ಏನೇ, ಮಾರಾಯ್ತಿ?" ಎನ್ನುತ್ತಾ ಅತ್ತೆ ಬುಟ್ಟಿ ಸಮೇತ ರಸ್ತೆಗೆ ಇಳಿದಾಗಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಿನೋಬನಗರದ ನಮ್ಮ ಮನೆ ಮುಂದೆ ನಿಲ್ಲುವ ನೀಲಿ ಟರ್ಬೊ ಕಾರು ನನ್ನದು, ನನ್ನ ಗಂಡನದಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು, ಪವರ್ ಇನ್ನಷ್ಟು ಜಾಸ್ತಿ ಮಾಡಿಸಿ, ಪುಟ್ಟ ಮಗುವಿನ ಥರ ನೋಡಿಕೊಂಡಿದ್ದೇನೆ. ಹುಚ್ಚು ಅನ್ನಿ, ಪರವಾಗಿಲ್ಲ.

ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ತುಂಬುವ ಅದರ ಪ್ಲಾಸ್ಟಿಕ್ ಟ್ಯಾಂಕ್ ಹಳತಾಗಿ ಹಳದಿಗೆ ತಿರುಗಿತ್ತು. ಹಾಗಾಗಿ ಅಲ್ಯೂಮಿನಿಯಂದು ಮಾಡಿಸಿ ಹಾಕಿಸಿದ್ದೆ. ಮಾಡಿಕೊಟ್ಟವರು ಭದ್ರಾವತಿಯ ವೆಲ್ಡರ್ ಸೆಲ್ವಂ.

ವರ್ಷಗಟ್ಟಲೆ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ದುಡಿದು, ಆ ಕೆಲಸ ನಿಂತಾಗ ಮನೆ ಪಕ್ಕದಲ್ಲೇ ಶೆಡ್ ಹಾಕಿಕೊಂಡವರು ಅವರು. ಗೇಟು, ಗ್ರಿಲ್ ಬಿಟ್ಟು ಕಾರಿಗೆ ಅಂತ ಅವರು ಮೊದಲು ಮಾಡಿದ್ದು ನನ್ನ ಟ್ಯಾಂಕನ್ನೇ. ಫೋಟೊ ತೆಗೆದು ನಮ್ಮ ಕಾರ್ ಗ್ರೂಪಿನಲ್ಲಿ ಹಾಕಿ ನಾನು ಹೊಗಳಿದ್ದೇ ಹೊಗಳಿದ್ದು. ಅದನ್ನು ನೋಡಿ ಇನ್ನೂ ಕೆಲವರು ಮಾಡಿಸಿಕೊಂಡರು, ಶೆಡ್ಡಿಗೆ ಹೊಸ ಬೋರ್ಡೂ ಬಂತು.

ಈಗ ಅದೇ ಟ್ಯಾಂಕು ನಡುರಸ್ತೆಯಲ್ಲಿ ಕೈಕೊಟ್ಟಿದೆ.

ಬಾನೆಟ್ ಎತ್ತುವಷ್ಟರಲ್ಲಿ ಸ್ಕೂಟರಿನವರೊಬ್ಬರು ನಿಲ್ಲಿಸಿ, "ಮುಚ್ಚಳ ತೆಗ್ದು ನೀರು ಹಾಕಿ ಮೇಡಂ" ಎಂದು ಕೈ ಹಾಕಲು ಹೋದರು. "ಮುಟ್ಬೇಡಿ!" ಎಂದು ಕಿರುಚಿಬಿಟ್ಟೆ. ಪಾಪ, ಸಹಾಯಕ್ಕೆ ಬಂದವರು. ಆದರೆ ಬಿಸಿ ಇರುವಾಗ ತಿರುಗಿಸಿದರೆ ಕುದಿಯುವ ಕೂಲಂಟ್ ನೇರ ಮುಖಕ್ಕೇ ಎರಚುತ್ತದೆ.

ತಣ್ಣಗಾದ ಮೇಲೆ ನೋಡಿದರೆ ಟ್ಯಾಂಕ್ ಖಾಲಿ. ತಳದಲ್ಲಿ, ಟ್ಯಾಂಕನ್ನು ಕಾರಿಗೆ ಬಿಗಿಯುವ ಬ್ರಾಕೆಟ್ ಬೆಸೆದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಕೆಳಕ್ಕೆ ಒಂದು ಗುಲಾಬಿ ಗೆರೆ.

ಆ ಗೆರೆಯನ್ನು ನಾನು ಮೊದಲೇ ನೋಡಿದ್ದೆ!

ಆಯುಧಪೂಜೆಯ ದಿನ ಅತ್ತೆ ಬಾನೆಟ್ ತೆಗೆಸಿ, ಪಳಪಳ ಹೊಳೆಯುವ ಆ ಟ್ಯಾಂಕಿಗೆ ವಿಶೇಷ ಭಕ್ತಿಯಿಂದ ಅರಿಶಿನ ಕುಂಕುಮ ಹಚ್ಚಿದ್ದರು. ಆಮೇಲೊಂದು ದಿನ ಗೆರೆ ಕಂಡು ಬಟ್ಟೆ ತಂದಾಗ, "ಕುಂಕುಮ ಕಣೇ, ಒರೆಸ್ಬಾರ್ದು, ತಾನಾಗೇ ಹೋಗ್ಲಿ" ಎಂದು ತಡೆದಿದ್ದರು. ನನ್ನ ಕೂಲಂಟ್ ಬಣ್ಣವೂ ಗುಲಾಬಿಯೇ. ಅದು ದಿನಾ ಸೋರುತ್ತಿತ್ತು, ನಾವು ದಿನಾ ಕುಂಕುಮ ಅಂದುಕೊಳ್ಳುತ್ತಿದ್ದೆವು.

ಪ್ಲಾಸ್ಟಿಕ್ ಆಗಿದ್ದರೆ ಒಳಗೆ ಎಷ್ಟಿದೆ ಅಂತ ಹೊರಗಿಂದಲೇ ಕಾಣುತ್ತಿತ್ತು. ಇದರಲ್ಲಿ ಅದೂ ಇಲ್ಲ.

ಅತ್ತೆಯ ಮುಖ ಸಣ್ಣದಾಯಿತು. "ನನ್ನಿಂದ್ಲೇ ಆಯ್ತಲ್ಲೇ..." ಬಿರುಕು ಬಿಟ್ಟಿದ್ದು ಟ್ಯಾಂಕು, ನೀವಲ್ಲ ಎಂದು ಸಮಾಧಾನ ಮಾಡಿ, ಆಟೊ ಹತ್ತಿಸಿ ನಾಮಕರಣಕ್ಕೆ ಕಳಿಸಿದೆ.

ಸೆಲ್ವಂಗೆ ಫೋನ್ ಮಾಡಲು ಮನಸ್ಸೇ ಬರಲಿಲ್ಲ. ಈಗಷ್ಟೇ ಹೆಸರು ಮಾಡುತ್ತಿರುವ ಮನುಷ್ಯ. ಕೊನೆಗೆ ಮಾಡಿದೆ, ಮಾತು ಮುಗಿಯುವ ಮೊದಲೇ "ಅಲ್ಲೇ ಇರಿ ಮೇಡಂ" ಎಂದು ಹೊರಟೇಬಿಟ್ಟರು.

ಬಂದವರು ಬಿರುಕಿನ ಮೇಲೆ ಉಗುರು ಆಡಿಸಿ, ಬಗ್ಗಿ ಟ್ಯಾಂಕಿನ ತಳ ನೋಡಿದರು. ಬ್ರಾಕೆಟ್ ಕೆಳಗೆ ರಬ್ಬರ್ ಕೊಟ್ಟಿರಲಿಲ್ಲ. ಕಾರು ಅದುರಿದಾಗಲೆಲ್ಲ ಹೊಡೆತ ಬೆಸುಗೆಯ ಅಂಚಿನ ಮೇಲೇ ಬಿದ್ದಿತ್ತು.

ಅವರ ಮುಖ ನೋಡಲಾಗದೆ ನಾನೇ ನೆಪ ಹುಡುಕಿಕೊಟ್ಟೆ. ನಮ್ಮ ರೋಡೇ ಹಾಗಿದೆ, ನೀವೇನು ಮಾಡ್ತೀರ ಎಂದೆ.

"ಈ ರೋಡಲ್ಲಿ ಓಡ್ಸಕ್ಕೇ ತಾನೇ ಮೇಡಂ ಮಾಡಿದ್ದು?"

ನಾನು ಗಂಡನಿಗೆ ಫೋನ್ ಮಾಡಿದೆ.

ಹಳೆಯ ಪ್ಲಾಸ್ಟಿಕ್ ಟ್ಯಾಂಕನ್ನು ಎಸೆಯದೆ ಅಟ್ಟದ ಮೇಲೆ ಇಟ್ಟಿದ್ದೆವು. ನನ್ನ ಗಂಡ ಅದನ್ನೂ ಕೂಲಂಟ್ ಕ್ಯಾನನ್ನೂ ಬೈಕಿನಲ್ಲಿ ತಂದರು, ಸೆಲ್ವಂ ಅಲ್ಲೇ ಕೂರಿಸಿದರು. ಸದ್ಯ, ಎಂಜಿನ್‌ಗೆ ಏನೂ ಆಗಿರಲಿಲ್ಲ.

ಹೊರಡುವಾಗ ನಾನೊಂದು ಉಪಾಯ ಹೇಳಿದೆ. ಟ್ಯಾಂಕ್ ಮಾಡಿಸಿಕೊಂಡವರಿಗೆಲ್ಲ ಬೇರೆ ಬೇರೆಯಾಗಿ ಫೋನ್ ಮಾಡಿ ತಿಳಿಸೋಣ, ಗ್ರೂಪಿನಲ್ಲಿ ಹಾಕುವುದು ಬೇಡ ಅಂತ.

ಅವರು ಸ್ಪ್ಯಾನರ್ ಒರೆಸುತ್ತಾ ತಲೆ ಅಲ್ಲಾಡಿಸಿದರು. "ಅವ್ರು ಕಾರು ಮಾರಿದ್ರೆ, ತಗೊಂಡೋರ ನಂಬರ್ ನಮ್ಮತ್ರ ಇರುತ್ತಾ? ಚೆನ್ನಾಗಿದೆ ಅಂತ ಎಲ್ಲಿ ಹಾಕಿದ್ರೋ ಅಲ್ಲೇ ಹಾಕಿ. ನನ್ನ ಹೆಸರೂ ಹಾಕಿ."

"ಕಸ್ಟಮರ್ ಹೋಗ್ತಾರೆ, ಸೆಲ್ವಂ."

"ಹೋಗ್ಲಿ ಮೇಡಂ. ಯಾರಾದ್ರೂ ಫ್ಯಾಮಿಲಿ ಇಟ್ಕೊಂಡು ಹೋಗ್ತಿರ್ತಾರೆ..." ಎನ್ನುತ್ತಾ ಸ್ಪ್ಯಾನರ್ ಚೀಲಕ್ಕೆ ಹಾಕಿಕೊಂಡರು.

ಗ್ರೂಪಿನಲ್ಲಿ ಹಾಕಿದೆ. ಒಬ್ಬರು ಆರ್ಡರ್ ಕ್ಯಾನ್ಸಲ್ ಮಾಡಿದರು. ಇನ್ನೊಬ್ಬರು "ಗೇಟ್ ಮಾಡೋರ ಹತ್ರ ಕಾರ್ ಕೊಟ್ರೆ ಇನ್ನೇನಾಗುತ್ತೆ" ಎಂದು ಬರೆದರು, ಅದಕ್ಕೆ ನಗುವ ಇಮೋಜಿಗಳ ಸಾಲು. ಅವನ್ನು ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸೆಲ್ವಂ ಮಾತ್ರ ಹಾಕಿಸಿಕೊಂಡವರನ್ನೆಲ್ಲ ಕರೆದು, ಬ್ರಾಕೆಟ್ ಬಿಚ್ಚಿ, ರಬ್ಬರ್ ಕೊಟ್ಟು ಸರಿ ಮಾಡಿಕೊಡುತ್ತಿದ್ದಾರೆ.

ಗ್ರೂಪಿನಲ್ಲಿ ಇಲ್ಲದವರಿಗೂ ತಲುಪಲಿ ಅಂತ ಇಲ್ಲೂ ಬರೆದಿದ್ದೇನೆ, ಸೆಲ್ವಂ ಅವರನ್ನು ಕೇಳಿಯೇ. ಅವರ ಟ್ಯಾಂಕ್ ಇರುವ ಕಾರನ್ನು ಯಾರಿಂದಾದರೂ ಕೊಂಡಿದ್ದರೆ, ದಯವಿಟ್ಟು ಒಮ್ಮೆ ಬಾನೆಟ್ ತೆಗೆದು ನೋಡಿ.

ನಾನು ಇವತ್ತು ಹೊಸ ಟ್ಯಾಂಕಿಗೆ ಹೇಳಿ ಬಂದೆ. ಮತ್ತೆ ಅವರಿಗೇ. ಮನೆಯಲ್ಲಿ ಎಲ್ಲರೂ "ಬುದ್ಧಿ ಇದೆಯಾ ನಿಂಗೆ?" ಅಂತಿದ್ದಾರೆ.

ನೀವು ಹೇಳಿ, ತನ್ನ ತಪ್ಪನ್ನು ತಾನೇ ಊರಿಗೆಲ್ಲ ಹೇಳಿಸಿದವನನ್ನು ಬಿಟ್ಟು ಇನ್ಯಾರನ್ನು ನಂಬಲಿ?